ಅಳಿಯನ ಬೆನ್ನ ಮೇಲಿನ ಹಲಗೆ

ಆವನಿಯ ಸುತ್ತಿನ ಹಳ್ಳಿಗಳಲ್ಲಿ ಮುನಿಯಲ್ಲಪ್ಪನಿಂದ ಒದೆಸಿಕೊಳ್ಳದ ಬೆನ್ನು ಇರಲಿಲ್ಲ. ಇದ್ದರೆ ಅದು ಇನ್ನೂ ತೊಟ್ಟಿಲಲ್ಲಿತ್ತು, ಇಲ್ಲವೇ ಆಗಲೇ ಮಣ್ಣು ಸೇರಿತ್ತು. ಅವನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವನು. ಹಾಗೆ ಹುಟ್ಟಿದವರ ಕಾಲು ತಗುಲಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬುದರಲ್ಲಿ ಆ ಸೀಮೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಬೇರೆ ಊರುಗಳಲ್ಲೂ ಇದ್ದರು, ಇಲ್ಲವೆಂದಲ್ಲ. ಆದರೆ ಅವರೆಲ್ಲ ಸುಮ್ಮನೆ ಕಾಲು ಸೋಕಿಸುವ ಮಂದಿ. ಮುನಿಯಲ್ಲಪ್ಪನದು ವಿದ್ಯೆ. ಮೊದಲು ಹರಳೆಣ್ಣೆ ಬಿಟ್ಟು ನೀವುವನು, ಹೆಬ್ಬೆರಳಲ್ಲಿ ಬೆನ್ನುಮೂಳೆಯ ಒಂದೊಂದು ಗಂಟನ್ನೂ ಮಾತಾಡಿಸುವನು, ಕೊನೆಗೆ ಎಡಗಾಲಿನ ಹಿಮ್ಮಡಿಯಲ್ಲಿ ಮೂರು ಸಲ ಒದೆಯುವನು. ಮೊದಲನೆಯದಕ್ಕೆ ರೋಗಿ ಅಮ್ಮಾ ಎನ್ನುತ್ತಿದ್ದ, ಎರಡನೆಯದಕ್ಕೆ ಅಪ್ಪಾ ಎನ್ನುತ್ತಿದ್ದ, ಮೂರನೆಯದಕ್ಕೆ ಎದ್ದು ಓಡುತ್ತಿದ್ದ. ವಾಸಿಯಾಗಿ ಓಡಿದನೋ ನಾಲ್ಕನೆಯದಕ್ಕೆ ಹೆದರಿ ಓಡಿದನೋ ಎಂದು ಕೇಳುವ ಧೈರ್ಯ ಊರಲ್ಲಿ ಒಬ್ಬನಿಗೇ ಇತ್ತು. ಅವನು ಪೆದ್ದಪ್ಪ, ಮುನಿಯಲ್ಲಪ್ಪನ ಹೆಂಡತಿ ಆದಿಲಕ್ಷ್ಮಮ್ಮನ ಅಣ್ಣ.

ಗುರುವಾರ ಬಂತೆಂದರೆ ಮುನಿಯಲ್ಲಪ್ಪನ ಅಂಗಳದಲ್ಲಿ ಜನ ಮೂಟೆಗಳ ಹಾಗೆ ಸಾಲಾಗಿ ಬೋರಲು ಮಲಗಿರುತ್ತಿದ್ದರು. ಶ್ರೀನಿವಾಸಪುರದಿಂದ ಗಾಡಿಯಲ್ಲಿ ಬಂದವರು, ಮುಳಬಾಗಿಲಿನಿಂದ ಇಬ್ಬರ ಹೆಗಲ ಮೇಲೆ ಬಂದವರು. ಒಬ್ಬ ಅಮಲ್ದಾರರು ರಾಗಿ ಹೊಲದ ಮರೆಯಲ್ಲಿ ಗುಟ್ಟಾಗಿ ಒದೆಸಿಕೊಂಡು ಹೋದದ್ದು ಗುಟ್ಟಾಗಿ ಉಳಿದದ್ದು ಸರಿಯಾಗಿ ಕಾಲು ಗಂಟೆ. ಬೆನ್ನು ಹಿಡಿದುಕೊಂಡಿದ್ದ ಒಂದು ಎತ್ತು ಇವನ ಒದೆತ ತಿಂದು, ನೊಗ ಕಟ್ಟುವುದನ್ನೂ ಕಾಯದೆ, ತಾನಾಗಿಯೇ ಹೋಗಿ ಗಾಡಿಯ ಮುಂದೆ ನಿಂತಿತಂತೆ.

ಅಂಥವನ ಮನೆಗೆ ಎರಡನೆಯ ಮಹಾಯುದ್ಧದ ಐದನೆಯ ವರ್ಷ, ಸುಗ್ಗಿ ಮುಗಿದ ಮೇಲೆ, ಅಳಿಯ ಅಶ್ವತ್ಥಪ್ಪ ಬಂದ. ಪೆಟ್ರೋಲು ಸಿಗದ ಆ ಕಾಲಕ್ಕೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಿಂದ ಇಳಿದ ಎಂದರೆ ತಪ್ಪಾಗುತ್ತದೆ. ನಾಲ್ಕು ಜನ ಸೇರಿ ಅವನನ್ನು ಇಳಿಸಿದರು, ಒಂದು ಕಡೆ ಕಿತ್ತ ಗೂಟವನ್ನು ಇನ್ನೊಂದು ಕಡೆ ನೆಡುವ ಹಾಗೆ. ಹಿಂದೆ ಮಗಳು ಭಾರತಮ್ಮ ಟ್ರಂಕು ಹಿಡಿದು ಇಳಿದಳು.

ಅಶ್ವತ್ಥಪ್ಪ ಮಾಲೂರು–ಮಾಸ್ತಿ ಬಸ್ಸಿನ ಡ್ರೈವರು. ಎಂಟು ತಿಂಗಳ ಹಿಂದೆ ಮಾಲೂರಿನಲ್ಲಿ ಬಸ್ಸಿನ ಮೇಲೇರಿ ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ತುಂಡಾಗಿ, ಬೆನ್ನಡಿಯಾಗಿ ಕಲ್ಲಿನ ಮೇಲೆ ಬಿದ್ದಿದ್ದ. ಅವನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ಮುನಿಯಲ್ಲಪ್ಪ ಎರಡು ಸಲ ಹೋಗಿ ನೋಡಿ ಬಂದಿದ್ದ. ಎರಡು ಸಲವೂ ಕಂಡದ್ದು ಕಂಕುಳಿನಿಂದ ತೊಡೆಯವರೆಗೆ ಪ್ಲಾಸ್ಟರು ಬಳಿದುಕೊಂಡು ಮಲಗಿದ್ದ ಒಂದು ಸುಣ್ಣದ ಗೊಂಬೆ. "ಬೆನ್ನಲ್ಲಿ ಕೀವು ಕಟ್ಟಿತ್ತು ಮಾವ, ಕೊಯ್ದು ತೆಗೆದ್ರು, ಅಷ್ಟೇ" ಎಂದು ಗೊಂಬೆ ಹೇಳಿತ್ತು. ಮುನಿಯಲ್ಲಪ್ಪ ನಂಬಿದ್ದ.

ಈಗ ಪ್ಲಾಸ್ಟರು ಹೋಗಿತ್ತು. ಅದರ ಬದಲು ಎದೆಯಿಂದ ಸೊಂಟದವರೆಗೆ ತೊಗಲು, ಕಬ್ಬಿಣದ ಪಟ್ಟಿ, ಬಕಲುಗಳು. ಕುದುರೆಯ ಜೀನನ್ನು ಮನುಷ್ಯನಿಗೆ ಹೊಲಿದ ಹಾಗೆ. ಅಶ್ವತ್ಥಪ್ಪ ಪಕ್ಕಕ್ಕೆ ನೋಡಬೇಕಾದರೆ ಪೂರ್ತಿ ತಿರುಗುತ್ತಿದ್ದ. ಕೆಳಗೆ ಬಿದ್ದ ಟವಲನ್ನು ಕಾಲ್ಬೆರಳಲ್ಲಿ ಎತ್ತಿ ಕೈಗೆ ಕೊಟ್ಟುಕೊಳ್ಳುತ್ತಿದ್ದ. ಅವನನ್ನು ಕಂಡು ಬೀದಿಯ ನಾಯಿಗಳು ಮೂರು ದಿನ ಬೊಗಳಿದವು, ನಾಲ್ಕನೆಯ ದಿನ ಕಂಬವೆಂದು ತೀರ್ಮಾನಿಸಿ ಹತ್ತಿರ ಬಂದು ಮೂಸಿದವು.

ಉಣ್ಣಲು ಕುಳಿತರೆ ಎತ್ತರದ ಸ್ಟೂಲು. ಆದಿಲಕ್ಷ್ಮಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಬಡಿಸುತ್ತಿದ್ದಳು. ಅಶ್ವತ್ಥಪ್ಪ ಬೇಡ ಅತ್ತೆ ಎಂದರೆ ಒಂದು ಒಬ್ಬಟ್ಟು, ಖಂಡಿತ ಬೇಡ ಎಂದರೆ ಎರಡು, ಎಲೆಯ ಮೇಲೆ ಅಡ್ಡ ಬಿದ್ದು ತಡೆದರೆ ಮೂರು. ಅತ್ತೆಮನೆಯಲ್ಲಿ ಅಳಿಯನಾದವನು ಬೇಡ ಅನ್ನಲೇಬೇಕು, ಅದು ಮರ್ಯಾದೆ. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು, ಅದು ಇನ್ನೂ ದೊಡ್ಡ ಮರ್ಯಾದೆ. ಹೀಗೆ ಆ ಸೀಮೆಯಲ್ಲಿ ಎಷ್ಟೋ ಅಳಿಯಂದಿರು ಹೊಟ್ಟೆ ಕೆಟ್ಟು ಮಲಗಿದ್ದಾರೆ, ಯಾರೂ ದೂರಿಲ್ಲ.

ಪೆದ್ದಪ್ಪ ಮಾತ್ರ ಜಗಲಿಯ ಮೇಲೆ ಕುಳಿತು ಚುಚ್ಚುತ್ತಿದ್ದ. "ಏಮಿ ಬಾವಾ, ಊರೋರ ಬೆನ್ನೆಲ್ಲಾ ಬಿಲ್ಲಿನ ಥರ ಬಗ್ಗಿಸ್ದೆ. ಮನೆ ಅಳಿಯ ನೋಡಿದ್ರೆ ಒನಕೆ ಥರ ನಿಂತವ್ನೆ. ಮುಳಬಾಗ್ಲಲ್ಲಿ ಏನಂತಾವ್ರೆ ಗೊತ್ತಾ?"

"ಏನಂತಾವ್ರೆ?"

"ಮುನಿಯಲ್ಲಪ್ಪನ ಕಾಲು ಮನೇಲಿ ನಡೆಯಲ್ಲ, ಬೀದೀಲಿ ಮಾತ್ರ ಅಂತ."

ಮುನಿಯಲ್ಲಪ್ಪನಿಗೆ ಈ ಮಾತು ನೆಟ್ಟಗೆ ಎದೆಗೆ ಹೋಯಿತು. ಆದರೆ ಅದಕ್ಕಿಂತ ಆಳಕ್ಕೆ ಇಳಿದದ್ದು ಇನ್ನೊಂದು. ಬಸ್ಸು ಹೊರಡಬೇಕಾದರೆ ಡ್ರೈವರು ಅದರ ಮುಂದೆ ನಿಂತು, ಬಗ್ಗಿ, ಎಂಜಿನ್ನಿನ ಹ್ಯಾಂಡಲ್ ತಿರುಗಿಸಬೇಕು. ಯುಗಾದಿಯೊಳಗೆ ಬಗ್ಗಿ ತೋರಿಸಿದರೆ ಕೆಲಸ ಇದೆ, ಇಲ್ಲವಾದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಬಸ್ಸಿನ ಯಜಮಾನ ಹೇಳಿ ಕಳಿಸಿದ್ದ. ಅಳಿಯ ಹೀಗೆಯೇ ನಿಂತುಬಿಟ್ಟರೆ ಮಗಳ ಬಾಳು? ಈ ಯೋಚನೆಯಲ್ಲಿ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಆರು ಮುದ್ದೆ ಉಣ್ಣುತ್ತಿದ್ದವನು ಐದಕ್ಕೇ ಕೈ ತೊಳೆದ.

ಮಗಳನ್ನು ಕೇಳಿದ. ಭಾರತಮ್ಮ ಖಡಾಖಂಡಿತವಾಗಿ ಹೇಳಿದಳು: "ಕಾಲು ನೀವ್ಬೋದು ಅಂದವ್ರೆ ಡಾಕ್ಟ್ರು. ದಿನಾ ನೀವಿದ್ರೆ ಒಳ್ಳೇದೇ ಅಂತೆ. ಬೆನ್ನಿಗೆ ಮಾತ್ರ ಒಂದ್ ಬೆರಳೂ ತಾಕಿಸ್ಬಾರ್ದು ಅಪ್ಪಾ. ಒಂದ್ ವರ್ಷ."

"ಯಾಕಂತೆ?"

ಅವಳು ಗಂಡನ ಮುಖ ನೋಡಿದಳು. ಗಂಡ ಪೂರ್ತಿ ತಿರುಗಿ ಗೋಡೆ ನೋಡಿದ.

"ಹಂಗೇ ಅಂದವ್ರೆ" ಎಂದಳು.

ಗುರುವಾರ ಬಂತು. ಅಂಗಳದ ತುಂಬ ಜನ. ಭಾರತಮ್ಮ ಬಾವಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಪ್ಪಾ, ಕಾಲು ಮಾತ್ರ ಕಣಪ್ಪಾ" ಎಂದು ಇನ್ನೊಮ್ಮೆ ಹೇಳಿ ಹೋದಳು. ಮುನಿಯಲ್ಲಪ್ಪ ಅಳಿಯನನ್ನು ಚಾಪೆಯ ಮೇಲೆ ಮಲಗಿಸಿ ಕಾಲಿಗೆ ಎಣ್ಣೆ ಹಚ್ಚಿದ. ಐದು ತಿಂಗಳು ಪ್ಲಾಸ್ಟರಿನಲ್ಲಿ ಅಲ್ಲಾಡದ ಕಾಲು ಕಬ್ಬಿನ ಸಿಪ್ಪೆಯಾಗಿತ್ತು. ಬಲಗಾಲಿನ ಮುಂಭಾಗದಲ್ಲಿ, ಮೊಣಕಾಲಿನ ಕೆಳಗೆ, ಗೇಣುದ್ದದ ಗಾಯದ ಕಲೆ.

"ಇದೇನು ಅಳಿಯಂದಿರೇ?"

"ಬಸ್ಸಿನ ತಗಡು ತಗುಲ್ತು ಮಾವ."

ನೀವುತ್ತ ನೀವುತ್ತ ಕಾಲು ಬೆಚ್ಚಗಾಯಿತು, ಅಶ್ವತ್ಥಪ್ಪನಿಗೆ ಹಾಯೆನಿಸಿ ಕಣ್ಣು ಮುಚ್ಚಿತು. ಕಾಲಿನ ಹಿಂಭಾಗವನ್ನೂ ನೀವಬೇಕೆಂದು ಪೆದ್ದಪ್ಪನೂ ಇನ್ನೊಬ್ಬನೂ ಅವನನ್ನು ಬೋರಲು ಮಾಡಿದರು. ಬೋರಲಾದ ಮೇಲೆ ಪಟ್ಟಿಯ ಬಕಲು ಕಣ್ಣಿಗೆ ಬಿತ್ತು. ಪೆದ್ದಪ್ಪನ ಕೈ ಸುಮ್ಮನಿರುವ ಕೈಯಲ್ಲ.

"ಬೇಡ ದೊಡ್ಡಮಾವ" ಎಂದ ಅಶ್ವತ್ಥಪ್ಪ.

"ಇರ್ಲಿ ಬಿಡಿ, ಸ್ವಲ್ಪ ಗಾಳಿ ಆಡ್ಲಿ" ಎಂದು ಪೆದ್ದಪ್ಪ ಬಕಲು ಬಿಚ್ಚಿದ.

ಬೆನ್ನು ಕಂಡಿತು. ನಡುವೆ ಉದ್ದಕ್ಕೆ ಇನ್ನೊಂದು ಕಲೆ. ಇಪ್ಪತ್ತು ವರ್ಷದಿಂದ ಬೆನ್ನು ಕಂಡ ಕಡೆ ಹೋಗಿ ಅಭ್ಯಾಸವಾದ ಹೆಬ್ಬೆರಳು, ಯಜಮಾನನ ಅಪ್ಪಣೆಯನ್ನೂ ಕೇಳದೆ ಅಲ್ಲಿಗೆ ಹೋಯಿತು. ಮೇಲಿನಿಂದ ಇಳಿಯಿತು. ಒಂದು ಗಂಟು, ಎರಡು, ಮೂರು. ಹೀಗೆ ಮೆಟ್ಟಿಲ ಮೇಲೆ ಮೆಟ್ಟಿಲು ಇಳಿದು ಸೊಂಟದ ಹತ್ತಿರ ಬಂತು. ಅಲ್ಲಿ ಮೆಟ್ಟಿಲೇ ಇಲ್ಲ!

ಮುನಿಯಲ್ಲಪ್ಪ ಬೆರಳು ತೆಗೆದ. ಪಂಚೆಯಲ್ಲಿ ಒರೆಸಿಕೊಂಡ. ಮತ್ತೆ ಇಟ್ಟ. ಮೂರು ನಾಲ್ಕು ಗಂಟುಗಳು ಇರಬೇಕಾದ ಕಡೆ ಒಂದೇ ಒಂದು ಉದ್ದನೆಯ ಏಣು, ಗಟ್ಟಿ, ಅಲ್ಲಾಡದು. ಅಮಲ್ದಾರರ ಬೆನ್ನಿನಲ್ಲಿ ಇಂಥದಿರಲಿಲ್ಲ, ಎತ್ತಿನ ಬೆನ್ನಿನಲ್ಲಿ ಇಂಥದಿರಲಿಲ್ಲ.

"ಏಮಾಯ್ತು ಬಾವಾ?"

"ಬೆನ್ನುಮೂಳೆ ತುಕ್ಕು ಹಿಡಿದೈತೆ. ಒಂದಕ್ಕೊಂದು ಕಚ್ಕೊಂಡ್ ಕೂತೈತೆ." ದನಿ ಅವನಿಗೇ ಬೇರೆಯಾಗಿ ಕೇಳಿಸಿತು. "ಇದು ಕೈಗೆ ಬಿಡೋದಲ್ಲ."

"ಹಂಗಾದ್ರೆ ಕಾಲು."

"ಬಾಯಿ ಮುಚ್ಚು! ಅಳಿಯಂದಿರ ಮೈಮೇಲೆ ಕಾಲಿಡ್ತೀನಾ? ಧಾರೆ ದಿನ ಇದೇ ಕೈಯಲ್ಲಿ ಇವರ ಕಾಲು ತೊಳೆದಿದೀನಿ."

ಅಂಗಳದಲ್ಲಿ ದೊಡ್ಡ ಚರ್ಚೆ ಎದ್ದಿತು. ಅಳಿಯನನ್ನು ಒದೆಯಬಹುದೇ? ಮನಸ್ಸಲ್ಲಿ ಒದೆಯದ ಮಾವನಿಲ್ಲ, ಆದರೆ ಕಾಲಲ್ಲಿ? ಮಲಗಿದ್ದ ರೋಗಿಗಳೂ ಸೊಂಟ ಹಿಡಿದು ಎದ್ದು ಕುಳಿತು ಅಭಿಪ್ರಾಯ ಕೊಟ್ಟರು. ಏಳು ಜನ್ಮಕ್ಕೆ ಪಾಪ ಎಂದರು ಕೆಲವರು. ರೋಗಕ್ಕೆ ನಂಟಸ್ತಿಕೆ ಇಲ್ಲ ಎಂದರು ಕೆಲವರು. ಕೊನೆಗೆ ಪೆದ್ದಪ್ಪ ಕೊಟ್ಟಿಗೆಗೆ ಹೋಗಿ, ಮುರಿದ ಬಾಗಿಲಿನ ಒಂದು ಅಗಲದ ಹಲಗೆ ಹಿಡಿದು ಬಂದ.

"ಇದನ್ನ ಅಳಿಯಂದಿರ ಬೆನ್ನ ಮೇಲಿಡೋಣ. ನೀನು ಹಲಗೆ ಒದಿ. ಅಳಿಯಂದಿರಿಗೂ ನಿನ್ ಕಾಲಿಗೂ ಸಂಬಂಧಾನೇ ಇಲ್ಲ. ಅವರು ಅವರ ಪಾಡಿಗೆ ಕೆಳಗಿರ್ತಾರೆ."

ಸಭೆ ಭಲೇ ಎಂದಿತು. ಹೈಕೋರ್ಟಿನ ವಕೀಲರಿಗೂ ಇಂಥ ಉಪಾಯ ಹೊಳೆದಿರಲಿಕ್ಕಿಲ್ಲ.

"ಬೇಡ ಮಾವ" ಎಂದ ಅಶ್ವತ್ಥಪ್ಪ ಚಾಪೆಯೊಳಗಿಂದ.

"ಏನ್ ಸಂಕೋಚ ನೋಡ್ರಪ್ಪ" ಎಂದರು ಜನ.

"ಖಂಡಿತ ಬೇಡ ಮಾವ!"

"ದೊಡ್ಡ ಮನೆತನದೋರು. ಒಂದೇ ಸಲಕ್ಕೆ ಒಪ್ಕೊಳಲ್ಲ."

"ಬೇಡಾ! ನಿಮ್ಮ ಕಾಲಿಗೆ ಬೀಳ್ತೀನಿ!"

"ಆಹಾ" ಎಂದ ಪೆದ್ದಪ್ಪ, ಕಣ್ಣಲ್ಲಿ ನೀರು ತಂದುಕೊಂಡು. "ಮರ್ಯಾದೆ ಅಂದ್ರೆ ಇದು."

ಹಲಗೆ ಇಟ್ಟರು. ಪೆದ್ದಪ್ಪ ಭುಜ ಹಿಡಿದ, ಇನ್ನಿಬ್ಬರು ಕಾಲು ಹಿಡಿದರು. ಅಶ್ವತ್ಥಪ್ಪ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಾಗ ಬಾಯಿಗೆ ಬಂದದ್ದು ಚಾಪೆ. ಮುನಿಯಲ್ಲಪ್ಪ ಕುಲದೇವರನ್ನು ನೆನೆದ. ಯುಗಾದಿಗೆ ಇನ್ನು ಹದಿನೆಂಟೇ ದಿನ. ಎಡಗಾಲು ಎತ್ತಿದ. ಒದ್ದ.

ಫಟಾರ್ ಎಂದಿತು.

ಆ ಸದ್ದಿಗೆ ಹುಣಿಸೆ ಮರದ ಗಿಣಿಗಳು ಎದ್ದು ಹೋದವು, ಆ ವರ್ಷ ಹಿಂದಿರುಗಲಿಲ್ಲ. ಮುನಿಯಲ್ಲಪ್ಪನ ಕಾಲು ಬಿದ್ದ ಕಡೆಯೇ ಇತ್ತು, ಎತ್ತಲು ಬರಲಿಲ್ಲ. ಏನು ಮುರಿಯಿತು? ಕೆಳಗಿರುವುದೋ, ಕೆಳಗಿರುವುದರ ಕೆಳಗಿರುವುದೋ? ಅಳಿಯನಿಂದ ಒಂದು ನರಳಿಕೆಯೂ ಇಲ್ಲ.

ಬಾಗಿಲಲ್ಲಿ ಭಾರತಮ್ಮ ನಿಂತಿದ್ದಳು. ತಲೆಯ ಮೇಲಿನ ಬಿಂದಿಗೆಯನ್ನು ಎರಡೂ ಕೈಯಲ್ಲಿ ಇಳಿಸಿ, ಒಂದು ಹನಿ ಚೆಲ್ಲದೆ ನೆಲಕ್ಕಿಟ್ಟಳು. ಅವಳು ಕಿರುಚಿದ್ದರೆ ಮುನಿಯಲ್ಲಪ್ಪ ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಮಾತಾಡಿದಳು.

"ಅಪ್ಪಾ, ಅದು ಅವರ ಕಾಲಿನ ಮೂಳೆ."

"ಯಾವ್ದು?"

"ನೀನು ಒದ್ದಿದ್ದು. ಬೆನ್ನುಮೂಳೆ ಮುರಿದೋಗಿತ್ತು. ಕಾಲು ಕೊಯ್ದು, ಮೂಳೆ ಸೀಳಿ ತೆಗೆದು, ಬೆನ್ನು ಕೊಯ್ದು ಅದರೊಳಗೆ ಕೂರ್ಸವ್ರೆ. ಮೂರು ಗಂಟೂ ಸೇರಿ ಒಂದೇ ಆಗ್ಬೇಕು ಅಂತ. ಅಲ್ಲಾಡ್ಲೇಬಾರ್ದು ಅಂತ."

ಇಪ್ಪತ್ತು ವರ್ಷ ಬೆನ್ನು ಕಂಡವನ ತಲೆಯಲ್ಲಿ ಭೂಮಿ ಗಿರ್ರನೆ ತಿರುಗಿತು. ಕಾಲಿನ ಮೂಳೆ ಬೆನ್ನಿಗೆ ಹೋಗುವುದೆಂದರೇನು! ಮನೆಯ ಹೊಸ್ತಿಲು ಎದ್ದು ಹೋಗಿ ಛಾವಣಿಯಲ್ಲಿ ಕುಳಿತ ಹಾಗೆ. ತುಕ್ಕು ಎಂದುಕೊಂಡದ್ದು ಬೆಸುಗೆ. ಬಿಡಿಸಬೇಕೆಂದು ಒದ್ದದ್ದು, ಬಿಡಲೇಬಾರದೆಂದು ಕಟ್ಟಿದ್ದ ಗಂಟು.

"ಮೊದ್ಲೇ ಯಾಕೆ ಹೇಳ್ಲಿಲ್ಲಮ್ಮಾ..."

"ಇವರೇ ಆಣೆ ಹಾಕಿಸ್ಕೊಂಡಿದ್ರು. ಮೂಳೆ ಕಿತ್ತು ತೇಪೆ ಹಾಕಿದ ಡ್ರೈವರು ಅಂದ್ರೆ ಯಾರು ಬಸ್ಸು ಹತ್ತುತಾರೆ, ಆಡ್ಕೊಂಡು ನಗ್ತಾರೆ ಅಂತ."

ಯಾರೂ ನಗುತ್ತಿರಲಿಲ್ಲ. ಮುನಿಯಲ್ಲಪ್ಪ ಮಂಡಿಯೂರಿ ಹಲಗೆ ಎತ್ತಿದ. ಅದು ಎರಡು ತುಂಡಾಗಿ ಎರಡು ಕೈಗೂ ಬಂತು. ಒಳಗೆಲ್ಲ ಗೆದ್ದಲು ತಿಂದು ಬರೀ ಮಣ್ಣು. ಮುರಿದದ್ದು ಹಲಗೆಯಿರಬಹುದು. ಹಲಗೆಯೊಂದೇ ಎಂದು ಹೇಳುವವರು ಯಾರು?

"ಅಳಿಯಂದಿರೇ. ಕಾಲ್ಬೆರಳು ಆಡ್ಸಿ."

ಬೆರಳು ಆಡಲಿಲ್ಲ.

"ಅಪ್ಪಾ ಅಶ್ವತ್ಥಪ್ಪಾ. ಒಂದ್ ಬೆರಳು. ಯಾವ್ದಾದ್ರೂ."

ಇಡೀ ಅಂಗಳ ಬಗ್ಗಿ ಆ ಹತ್ತು ಬೆರಳುಗಳನ್ನು ನೋಡಿತು. ಬಗ್ಗಲಾರದೆ ಬಂದವರೂ ಬಗ್ಗಿದರು. ಎಷ್ಟೋ ಹೊತ್ತಾದ ಮೇಲೆ, ಮುನಿಯಲ್ಲಪ್ಪನ ಲೆಕ್ಕದಲ್ಲಿ ಎರಡು ಯುಗಗಳಾದ ಮೇಲೆ, ಎಡಗಾಲಿನ ಕಿರುಬೆರಳು ಹುಳದ ಹಾಗೆ ಮಿಸುಕಿತು. ಚಾಪೆಯೊಳಗಿಂದ ದನಿ ಬಂತು: "ದೊಡ್ಡಮಾವನ್ನ... ನನ್ ಭುಜ ಬಿಡೋಕೆ ಹೇಳಿ."

ಬೆರಳು ಆಡಿತು ಎಂದರೆ ಬೆನ್ನು ಉಳಿಯಿತು ಎಂದಲ್ಲ. ಭಾರತಮ್ಮ ಅದನ್ನು ಆಸ್ಪತ್ರೆಯಲ್ಲಿ ಕಲಿತಿದ್ದಳು. ಅವತ್ತೇ ಅಶ್ವತ್ಥಪ್ಪನನ್ನು ಮಂಚದ ಸಮೇತ ಗಾಡಿಗೆ ಹಾಕಿದರು. ಮುಳಬಾಗಿಲಿನಲ್ಲಿ ಬಸ್ಸಿನ ಸೀಟುಗಳನ್ನು ಬಿಚ್ಚಿಸಿ ಮಂಚ ಒಳಗಿಟ್ಟರು. ದಾರಿಯಲ್ಲಿ ಪ್ರತಿ ಏರಿನಲ್ಲೂ ಇದ್ದಿಲು ಬಸ್ಸು ದಮ್ಮು ಕಟ್ಟಿ ನಿಂತಿತು, ಪ್ರತಿ ಸಲವೂ ಮುನಿಯಲ್ಲಪ್ಪ ಇಳಿದು ತಳ್ಳಿದ. ಕೋಲಾರ ದಾಟುವಷ್ಟರಲ್ಲಿ ಬಸ್ಸು ಅವನನ್ನು ಹೊತ್ತದ್ದಕ್ಕಿಂತ ಅವನು ಬಸ್ಸನ್ನು ಹೊತ್ತದ್ದೇ ಹೆಚ್ಚು.

ಆಸ್ಪತ್ರೆಯ ಡಾಕ್ಟರು ಎತ್ತರದ ಮನುಷ್ಯ, ಮಾತು ಕಡಿಮೆ. ಬೆನ್ನಿನ ಹೊಸ ಎಕ್ಸ್-ರೇ ಫೋಟೋ ತೆಗೆಸಿದರು. ಅದು ಒಣಗುವ ತನಕ ರೋಗಿಯ ಪಕ್ಕ ನಿಂತು ಕೇಳಿದರು: "ಯಾರಾದರೂ ಬೆನ್ನು ಮುಟ್ಟಿದರೇನಪ್ಪ?"

"ಇಲ್ಲ ಸಾರ್" ಎಂದ ಅಶ್ವತ್ಥಪ್ಪ. "ಬಚ್ಚಲಲ್ಲಿ ಜಾರಿ ಬಿದ್ದೆ."

ಭಾರತಮ್ಮ ನೆಲ ನೋಡಿದಳು. ಮುನಿಯಲ್ಲಪ್ಪನಿಗೆ ಒಂದು ಕ್ಷಣ ಎದೆ ಹಗುರಾಯಿತು. ಅಳಿಯ ಎಂದರೆ ಇವನು! ತಾನೂ ಬಾಯಿ ಮುಚ್ಚಿ ನಿಂತರೆ ಮುಗಿಯಿತು.

"ಬಿದ್ದದ್ದಾದರೆ ಬೆನ್ನು ತಿರುಚಿರುತ್ತೆ" ಎಂದರು ಡಾಕ್ಟರು. "ಫೋಟೋದಲ್ಲಿ ಎಲ್ಲಾ ಕಾಣಲ್ಲ. ಮತ್ತೆ ಪ್ಲಾಸ್ಟರು ಹಾಕಬೇಕಾಗುತ್ತೆ. ಐದು ತಿಂಗಳು."

ಅಶ್ವತ್ಥಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಬೀಳ್ಲಿಲ್ಲ ಸ್ವಾಮಿ" ಎಂದ ಮುನಿಯಲ್ಲಪ್ಪ. "ನಾನು ಒದ್ದೆ."

"ಏನು?"

"ಒಂದ್ ಸಲ. ಎಡಗಾಲ ಹಿಮ್ಮಡೀಲಿ. ಮೇಲಿಂದ ನೆಟ್ಟಗೆ. ನಡುವೆ ಹಲಗೆ ಇತ್ತು, ಇಷ್ಟಗಲ. ತಿರುಚ್ಲಿಲ್ಲ. ನನ್ ಮಗಳು ಬೇಡ ಅಂದಿದ್ಲು, ಅವರೂ ಬೇಡ ಅಂದ್ರು."

ಜೀವಮಾನದಲ್ಲಿ ಮುನಿಯಲ್ಲಪ್ಪ ತನ್ನ ಒದೆತದ ವಿಷಯ ಇಷ್ಟು ಚಿಕ್ಕದಾಗಿ ಹೇಳಿದ್ದು ಅದೊಂದೇ ಸಲ. ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು. ಸಾವಿರ ಮುರಿದ ಮೂಳೆ ಕಂಡ ಮನುಷ್ಯನಿಗೂ ಇದು ಹೊಸದು. "ನಾನು ಕೂರಿಸಿದ ಮೂಳೆಯನ್ನು..." ಎಂದರು. "ಹಲಗೆ ಇಟ್ಟು..." ಎಂದರು. ಮೂರನೆಯ ಸಲ ಬಾಯಿ ತೆರೆದಾಗ ಬಂದ ದನಿ ಆಸ್ಪತ್ರೆಯ ಎಲ್ಲಾ ವಾರ್ಡಿಗೂ ಕೇಳಿಸಿತು.

"ನಿಮ್ಮದು ಯಾವ ಕಡೆ?"

"ಆವನಿ ಕಡೆ ಸ್ವಾಮಿ."

"ಮಾವು ಕಸಿ ಕಟ್ಟೋದು ನೋಡಿದ್ದೀಯಾ?"

"ಶ್ರೀನಿವಾಸಪುರದ ತೋಪುಗಳಲ್ಲಿ ದಿನಾ ನೋಡ್ತೀನಿ."

"ಕಟ್ಟಿದ ಕಸಿಯನ್ನು ಯಾವನಾದರೂ ಹೋಗಿ ಒದೀತಾನೇನಯ್ಯಾ?"

ಮುನಿಯಲ್ಲಪ್ಪನಿಗೆ ಆಗ ಅರ್ಥವಾಯಿತು. ಗೋಡೆಗೆ ಆನಿಕೊಂಡು ನೆಲಕ್ಕೆ ಕುಳಿತ.

ಫೋಟೋ ಬಂತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವನನ್ನೂ ಕರೆದು ತೋರಿಸಿದರು. ಕಪ್ಪಿನಲ್ಲಿ ಬೆಳ್ಳಗೆ ಒಂದು ಕಡ್ಡಿ, ಮೂರು ಗಂಟುಗಳನ್ನು ಅಪ್ಪಿ ಹಿಡಿದು ನಿಂತಿತ್ತು. ಹೆಬ್ಬೆರಳು ಮೆಟ್ಟಿಲು ಕಾಣದೆ ಬೆಚ್ಚಿದ ಜಾಗ ಅದೇ.

"ಹಿಡಿದಿದೆ" ಎಂದರು. "ಅಗಲದ ಹಲಗೆ ಪೆಟ್ಟನ್ನು ಹರಡಿದೆ, ತಾನು ಒಡೆದುಕೊಂಡಿದೆ. ಬರಿಗಾಲಲ್ಲಿ ಒದ್ದಿದ್ದರೆ ಇವನು ಈ ಜನ್ಮದಲ್ಲಿ ನಿಲ್ಲುತ್ತಿರಲಿಲ್ಲ. ಪ್ಲಾಸ್ಟರು ಬೇಡ. ಆರು ವಾರ ಅಲ್ಲಾಡದೆ ಮಲಗಲಿ. ನೀನು ನೀವಲೇಬೇಕು ಅಂದರೆ ಆ ಕಾಲು ನೀವು. ಆ ಕಾಲುಗಳಿಗೆ ಶಕ್ತಿ ಬರದಿದ್ದರೆ ಬೆನ್ನು ಇದ್ದೂ ಪ್ರಯೋಜನವಿಲ್ಲ."

ಆರು ವಾರ ಮುನಿಯಲ್ಲಪ್ಪ ಊರಿಗೆ ಹೋಗಲಿಲ್ಲ. ಬೆಳಿಗ್ಗೆ, ಸಂಜೆ ಆ ಎರಡು ಕಾಲುಗಳು. ಹಿಮ್ಮಡಿಯಿಂದ ಶುರು ಮಾಡಿ ತೊಡೆಯವರೆಗೆ. ಅಲ್ಲಿಗೆ ಬಂದರೆ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ. ಬಲಗಾಲಿನ ಕಲೆಯ ಕೆಳಗೆ ಮೂಳೆ ತೆಗೆದ ಕಡೆ ಸಣ್ಣ ತೊಟ್ಟಿಯ ಹಾಗೆ ತಗ್ಗಿತ್ತು. ಅದರ ಮೇಲೆ ಬೆರಳು ಹೋದಾಗಲೆಲ್ಲ "ನೋವಾಯ್ತಾ?" ಎನ್ನುವನು. ಇಲ್ಲವೆಂದರೂ ನಿಲ್ಲಿಸುವನು.

ಯುಗಾದಿ ಆಸ್ಪತ್ರೆಯಲ್ಲೇ ಕಳೆಯಿತು. ಡ್ರೈವರ್ ಕೆಲಸ ಬೇರೆಯವನಿಗೆ ಹೋಯಿತು. ಬಗ್ಗಲಾರದವನಿಗೆ ಬಸ್ಸಿನ ಯಜಮಾನ ಮಾಲೂರಿನಲ್ಲಿ ಟಿಕೆಟ್ ಕೊಡುವ ಕಿಟಕಿಯ ಕೆಲಸ ಕೊಟ್ಟ. ಅಲ್ಲಿ ನೆಟ್ಟಗೆ ಕುಳಿತರೆ ಸಾಕು. ಅಶ್ವತ್ಥಪ್ಪನಷ್ಟು ನೆಟ್ಟಗೆ ಕೂರುವವರು ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ.

ಊರಲ್ಲಿ ಪೆದ್ದಪ್ಪ ಅಷ್ಟರಲ್ಲಿ ದೊಡ್ಡ ಮನುಷ್ಯನಾಗಿದ್ದ. ಬೆಂಗಳೂರಿನ ಡಾಕ್ಟರೇ ತನ್ನ ಹಲಗೆಯನ್ನು ಹೊಗಳಿದರೆಂದು ಮುಳಬಾಗಿಲಿನವರೆಗೆ ಸಾರಿ ಬಂದಿದ್ದ. ಮುನಿಯಲ್ಲಪ್ಪ ಮಗಳು ಅಳಿಯನನ್ನು ಕರೆದುಕೊಂಡು ಹಿಂದಿರುಗಿದ ಮೇಲಿನ ಮೊದಲ ಗುರುವಾರ ಅಂಗಳದಲ್ಲಿ ಹಿಂದಿಗಿಂತ ಎರಡರಷ್ಟು ಜನ ಬೋರಲು ಮಲಗಿದ್ದರು, ಕೆಲವರು ಹಲಗೆಯನ್ನೂ ಮನೆಯಿಂದಲೇ ತಂದಿದ್ದರು.

ಮುನಿಯಲ್ಲಪ್ಪ ಅವರ ಕಡೆ ನೋಡಲೂ ಇಲ್ಲ. ಅವತ್ತು ಅಶ್ವತ್ಥಪ್ಪ ಹೊಸ ಕೆಲಸಕ್ಕೆಂದು ಮಾಲೂರಿಗೆ ಹೊರಟಿದ್ದ. ಮನೆಯಿಂದ ಬಸ್ಸು ನಿಲ್ಲುವ ಕಡೆಗೆ ಎರಡು ಫರ್ಲಾಂಗು, ನಡುವೆ ಒಂದು ಕಾಲುವೆ. ಅಳಿಯ ಯಾರ ಹೆಗಲನ್ನೂ ಹಿಡಿಯದೆ ನಡೆದ. ಹಿಂದೆ ಎರಡು ಮೊಳ ದೂರದಲ್ಲಿ ಮುನಿಯಲ್ಲಪ್ಪ, ಎರಡೂ ಕೈ ಮುಂದೆ ಚಾಚಿಕೊಂಡು, ಮುಟ್ಟದೆ, ಹೆಜ್ಜೆಗೆ ಹೆಜ್ಜೆ.

"ಏನ್ಲಾ ಅದು, ಕೂಸು ನಡೆಸೋ ಥರ" ಎಂದು ಯಾರೋ ಬೇಲಿಯ ಆಚೆಯಿಂದ ನಕ್ಕರು.

"ಮಾವ, ಸಾಕು ಬಿಡಿ, ನಾನು ಹೋಗ್ತೀನಿ" ಎಂದ ಅಶ್ವತ್ಥಪ್ಪ, ತಿರುಗದೆಯೇ.

"ಹೋಗಿ ಅಳಿಯಂದಿರೇ, ಹೋಗಿ" ಎಂದ ಮುನಿಯಲ್ಲಪ್ಪ. ಕಾಲುವೆ ಬಂತು. ಅವನು ಕೈಗಳನ್ನು ಇನ್ನಷ್ಟು ಅಗಲ ಮಾಡಿದ.